ಹೆಸರಿಲ್ಲದ ಗಾಡಿ ಓಡಿಸಿದ ಭಾಗ್ಯ

ಭಂಡಿಗಡಿಯ ಭಾಗ್ಯಳ ವಿಷಯ ಬರೆಯಲು ಕೂತರೆ ನನಗೆ ಕೈ ನಿಲ್ಲುವುದಿಲ್ಲ. ಗಾಡಿಗಳ ವಿಷಯ ಬಂದರೆ ನಾನು ಹೀಗೆಯೇ, ನನ್ನ ಹೆಂಡತಿಯನ್ನು ಕೇಳಿ. ಕೊಪ್ಪದಲ್ಲಿ ಇಪ್ಪತ್ತಾರು ವರ್ಷದಿಂದ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದೇನೆ, ಹೆಸರು ಯಜ್ಞೇಶ. ಮನೆಯ ತೋಟವನ್ನು ಅಣ್ಣ ನೋಡಿಕೊಳ್ಳುತ್ತಾನೆ. ಅಡಿಕೆ ಗೊನೆಗಿಂತ ಗೇರ್ ಬಾಕ್ಸ್ ನನಗೆ ಚೆನ್ನಾಗಿ ಅರ್ಥವಾಗುತ್ತದೆ ಎಂಬುದು ಅವನಿಗೂ ಗೊತ್ತು, ಅದಕ್ಕೇ ನನ್ನನ್ನು ತೋಟದ ಕಡೆ ಕರೆಯುವುದೂ ಇಲ್ಲ.

ನಮ್ಮ ದೇಶದ್ದೇ ಒಂದು ಕಾರು ಕಂಪನಿ. ಹೆಸರು ಬರೆಯುವುದಿಲ್ಲ, ಬರೆಯಬೇಡಿ ಎಂದು ಭಾಗ್ಯ ಹೇಳಿದ್ದಾಳೆ. ಆ ಕಂಪನಿ ಇಲ್ಲಿಯವರೆಗೆ ಮಾಡಿದ ಮಾಡೆಲ್‌ಗಳೆಲ್ಲ ನನ್ನ ಅಂಗಡಿಯ ಶೆಲ್ಫುಗಳಲ್ಲಿ ಬಿಡಿಬಿಡಿಯಾಗಿ ಕೂತಿವೆ. ಮೇಲಿನ ಸಾಲಿನಲ್ಲಿ ತಾಡಪಾಲಿನ ಟಾಪಿನ ಹಳೇ ಜೀಪಿನ ಸಾಮಾನು. ಅದರ ಕೆಳಗೆ ಹಿಂದೆ ಎದುರುಬದುರು ಬೆಂಚಿದ್ದ ಉದ್ದ ಜೀಪಿನದು. ಅದರ ಕೆಳಗೆ ಪಿಕಪ್ಪಿನದು. ಕೈಗೆ ಸಿಗುವ ಹಾಗೆ ಕೌಂಟರಿನ ಹತ್ತಿರ ಈಗಿನ ಏಸಿ ಗಾಡಿಗಳದು. ಮೇಲಿನ ಎರಡು ಸಾಲಿನ ಗಾಡಿಗಳನ್ನು ಕಂಪನಿ ಕೈಬಿಟ್ಟು ಎಷ್ಟೋ ವರ್ಷವಾಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ರಸ್ತೆಗಳು ಇನ್ನೂ ಬಿಟ್ಟಿಲ್ಲ.

ಭಾಗ್ಯಳ ಅಪ್ಪ ಧರ್ಮಪ್ಪ ಎಸ್ಟೇಟಿನ ಜೀಪ್ ಡ್ರೈವರ್ ಆಗಿದ್ದವನು. ಹದಿನಾಲ್ಕನೇ ವರ್ಷದಲ್ಲಿ ಅಪ್ಪನ ಜೊತೆ ಅಂಗಡಿಗೆ ಬಂದ ಹುಡುಗಿ, ನಾನು ಕ್ಲಚ್ ಪ್ಲೇಟನ್ನು ಪೇಪರಿನಲ್ಲಿ ಸುತ್ತುವಾಗ, "ಇದ್ರ ಯಾವ ಮುಖ ಇಂಜಿನ್ ಕಡೆ ಬರ್ತದೆ ಅಣ್ಣ?" ಎಂದು ಕೇಳಿದ್ದಳು. ನನಗೆ ಥಟ್ಟನೆ ಹೇಳಲಾಗಲಿಲ್ಲ. ಸುತ್ತಿದ್ದನ್ನು ಬಿಚ್ಚಿ ನೋಡಿ ಹೇಳಬೇಕಾಯಿತು. ಆ ಹುಡುಗಿ ಬೆಳೆದು, ಅಪ್ಪನಿಂದಲೇ ಡ್ರೈವಿಂಗ್ ಕಲಿತು, ಹನ್ನೊಂದು ವರ್ಷದಿಂದ ತನ್ನದೇ ಉದ್ದ ಜೀಪಿನಲ್ಲಿ ಭಂಡಿಗಡಿಯ ಒಂಬತ್ತು ಹೆಂಗಸರನ್ನು ದಿನಾ ಬೆಳಿಗ್ಗೆ ತೋಟಗಳಿಗೆ ಮುಟ್ಟಿಸಿ ಸಂಜೆ ಮನೆಗೆ ಕರೆತರುತ್ತಾಳೆ. ಗಂಡ ಪ್ರದೀಪ ಅಡಿಕೆ ಕೊನೆಗಾರ. ಗೊನೆ ಕೊಯ್ಯಲು ಐವತ್ತು ಅಡಿಯ ಮರದಿಂದ ಮರಕ್ಕೆ ತೂಗಿ ದಾಟುವವನು, ರಿವರ್ಸ್ ಗೇರಿಗೆ ಮಾತ್ರ ಹೆದರುತ್ತಾನೆ.

ಹೋದ ವರ್ಷ ಕಂಪನಿಯವರು ಕೊಪ್ಪದಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದರು. ಹೊಸ ಮಾಡೆಲ್ ಮಾರುಕಟ್ಟೆಗೆ ಬರುವ ಮೊದಲು ಅದನ್ನು ಘಟ್ಟದ ರಸ್ತೆಗಳಲ್ಲಿ ನಾಲ್ಕು ತಿಂಗಳು ಓಡಿಸಿ ನೋಡುವುದಂತೆ. ರಾಜೇಶ ಎಂಬ ಇಂಜಿನಿಯರ್ ನನ್ನ ಅಂಗಡಿಗೆ ಬಂದು, ಇಲ್ಲಿಯ ರಸ್ತೆ ಬಲ್ಲ ನಾಲ್ಕು ಡ್ರೈವರ್‌ಗಳು ಬೇಕು ಎಂದ. ನಾನು ಮೂರು ಗಂಡಸರ ಜೊತೆ ಭಾಗ್ಯಳನ್ನೂ ಕಳಿಸಿದೆ.

"ಲೇಡಿ ಡ್ರೈವರಾ?" ಎಂದ ರಾಜೇಶ.

"ಗಾಡಿಗೆ ಗೊತ್ತಾಗಲ್ಲ ಬಿಡಿ ಸರ್," ಎಂದಳು ಭಾಗ್ಯ.

ಪರೀಕ್ಷೆಗೆ ಹಿರೇಕೊಡಿಗೆ ಕಡೆಯ ಇಕ್ಕಟ್ಟಿನ ಏರಿಗೆ ಕರೆದುಕೊಂಡು ಹೋದರು. ಅರ್ಧ ಏರಿನಲ್ಲಿ ಎದುರಿಗೆ ಹಾಲಿನ ಗಾಡಿ. ಆ ಮೂರು ಗಂಡಸರಾಗಿದ್ದರೆ ಹಾರ್ನ್ ಹೊಡೆದು ಹಾಲಿನವನನ್ನೇ ಹಿಂದೆ ಕಳಿಸುತ್ತಿದ್ದರು, ನನಗೆ ಗೊತ್ತು. ಭಾಗ್ಯ ಮಾತ್ರ ರಾಜೇಶನ ಊರು, ಅವನಿಗೆ ಎಷ್ಟು ಮಕ್ಕಳು ಎಂದೆಲ್ಲ ವಿಚಾರಿಸುತ್ತಲೇ ಕನ್ನಡಿ ನೋಡಿಕೊಂಡು ಎರಡು ತಿರುವು ದಾಟಿ ಗಾಡಿಯನ್ನು ಹಿಂದಕ್ಕೆ ತಂದು, ಮೋರಿಯ ಪಕ್ಕ ಸರಿಸಿ ನಿಲ್ಲಿಸಿದಳು. ಕೆಲಸ ಅಲ್ಲೇ ಸಿಕ್ಕಿತು. ಜೀಪು ಪ್ರದೀಪನ ಕೈಗೆ ಹೋಯಿತು, ರಿವರ್ಸ್ ಬೇಕಾಗದ ರಸ್ತೆ ನೋಡಿ ಓಡಿಸು ಎಂಬ ಕಟ್ಟಪ್ಪಣೆಯೊಂದಿಗೆ.

ಆ ಹೊಸ ಗಾಡಿಯನ್ನು ನಾನು ಮೊದಲು ನೋಡಿದ ದಿನ ಊಟ ಸೇರಲಿಲ್ಲ, ಅಷ್ಟು ಖುಷಿ! ಆಕಾರ ಯಾರಿಗೂ ತಿಳಿಯಬಾರದೆಂದು ಮೈಯೆಲ್ಲ ಕಪ್ಪು ಬಿಳಿ ಸುರುಳಿಯ ಸ್ಟಿಕ್ಕರು. ಹೆಸರೂ ಇಲ್ಲ, ಬರೀ ಒಂದು ನಂಬರ್. ನಮ್ಮೂರಿನವರು ಸುಮ್ಮನಿರುತ್ತಾರೆಯೇ, ಕಪ್ಪು ಬಿಳಿ ಮಚ್ಚೆಯ ದನಕ್ಕೆ ಇಡುವ ಹೆಸರನ್ನೇ ಇಟ್ಟು ಅದನ್ನು 'ಹಂಡ' ಎಂದು ಕರೆದರು. ಒಳಗೆ ಏಳು ಸೀಟು. ಡ್ರೈವರ್ ಬಿಟ್ಟು ಉಳಿದ ಆರು ಸೀಟಿನಲ್ಲಿ ಮನುಷ್ಯರ ಬದಲು ಅರವತ್ತೈದು ಕೆಜಿಯ ಮರಳಿನ ಮೂಟೆಗಳು. ಒಂದೊಂದಕ್ಕೂ ಸೀಟ್ ಬೆಲ್ಟ್! ಹೊರಗಿನವರು ಯಾರೂ ಗಾಡಿ ಹತ್ತಬಾರದು, ಗೊತ್ತು ಮಾಡಿದ ರಸ್ತೆ ಬಿಡಬಾರದು, ಮೂಟೆ ಅಲುಗಬಾರದು ಎಂದು ಭಾಗ್ಯಳಿಂದ ಸಹಿ ಹಾಕಿಸಿಕೊಂಡಿದ್ದರು.

ದಿನದ ಸುತ್ತು ಮುಗಿದ ಮೇಲೆ ಒಂದು ಹಾಳೆ ತುಂಬಬೇಕಿತ್ತು. ಉಳಿದ ಮೂವರು 'ಓಕೆ' ಎಂದು ಬರೆದು ಮನೆಗೆ ಹೋಗುತ್ತಿದ್ದರು. ಭಾಗ್ಯ ಮೊದಲ ವಾರವೇ ಬರೆದಳು: 'ಎಡಗಡೆಯ ಹಿಂದಿನ ಬಾಗಿಲು ಮೋರಿ ದಾಟುವಾಗ ಕಿರ್ ಅನ್ನುತ್ತದೆ. ಬೆಳಿಗ್ಗೆ ಇಲ್ಲ. ಬಿಸಿಲೇರಿದ ಮೇಲೆ.' ರಾಜೇಶ ನಕ್ಕನಂತೆ. ಆದರೂ ಬಿಚ್ಚಿ ನೋಡಿದರೆ ಒಳಗೊಂದು ಪ್ಲಾಸ್ಟಿಕ್ ಕ್ಲಿಪ್ಪು ಬಿಸಿಗೆ ಸಡಿಲವಾಗುತ್ತಿತ್ತು. ಮೂರು ವಾರಕ್ಕೆ ಫ್ಯಾಕ್ಟರಿಯಿಂದ ಬೇರೆ ಥರದ ಕ್ಲಿಪ್ಪು ಬಂತು. ಕಿರ್ ನಿಂತಿತು.

ಅವತ್ತು ಸಂಜೆ ಅವಳು ನನ್ನ ಅಂಗಡಿಗೆ ನುಗ್ಗಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಯಜ್ಞೇಶಣ್ಣ, ನಾ ಇಲ್ಲಿ ಹೇಳಿದ್ದು ಅಲ್ಲಿ ಫ್ಯಾಕ್ಟರೀಲಿ ಕೇಳ್ತದೆ ಮಾರಾಯ್ರೆ! ಇನ್ನು ಈ ಗಾಡಿ ದೇಶದಲ್ಲಿ ಎಲ್ಲೇ ಓಡ್ಲಿ, ಆ ಬಾಗ್ಲು ಕಿರ್ ಅನ್ನಾದಿಲ್ಲ!"

ಹತ್ತು ಸಾವಿರ ಕಿಲೋಮೀಟರನ್ನು ತಪ್ಪಿಗೆ ಹಾಕುವ ಕಪ್ಪು ಗುರುತು ಒಂದೂ ಇಲ್ಲದೆ ಮುಗಿಸಿದವರಿಗೆ ಇಲ್ಲೇ ಘಟ್ಟದಲ್ಲಿ ಕಾಯಂ ಟೆಸ್ಟ್ ಡ್ರೈವರ್ ಕೆಲಸ ಎಂದು ಕಂಪನಿ ಮೊದಲೇ ಹೇಳಿತ್ತು. ಕಿರ್ ನಿಂತ ದಿನದಿಂದ ಭಾಗ್ಯಳಿಗೆ ಅದೊಂದೇ ಆಸೆ. ಇನ್ನೂ ಹೆಸರಿಡದ ಗಾಡಿಗಳನ್ನು ಮೊದಲು ಓಡಿಸುವುದು, ಅವುಗಳ ತಪ್ಪು ಹುಡುಕಿ ಹೇಳುವುದು. ಇಂಥದ್ದೊಂದು ಉದ್ಯೋಗ ಲೋಕದಲ್ಲಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಅದನ್ನು ಬಿಟ್ಟು ಬೇರೇನೂ ಬೇಡವಾಯಿತು. ದಿನಾ ಮೀಟರ್ ಓದಿ ನನಗೆ ಹೇಳುತ್ತಿದ್ದಳು. ನಾನು ಅಂಗಡಿಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಉಳಿದ ಮೂವರಲ್ಲಿ ಒಬ್ಬ ಬಂಪರ್ ತಾಗಿಸಿಕೊಂಡ, ಒಬ್ಬ ಗಾಡಿಯ ಫೋಟೋ ಹಂಚಿಕೊಂಡ, ಇನ್ನೊಬ್ಬ ತಾನಾಗಿಯೇ ಬಿಟ್ಟ. ಒಂಬತ್ತು ಸಾವಿರದ ಏಳುನೂರ ಅರವತ್ತಕ್ಕೆ ಬಂದು ನಿಂತವಳು ಭಾಗ್ಯ ಒಬ್ಬಳೇ. ಇನ್ನು ಇನ್ನೂರ ನಲವತ್ತು, ಎರಡೇ ದಿನದ ಓಟ. ನಾನು ಪೇಡಾಕ್ಕೆ ಹೇಳಿಯೂ ಆಗಿತ್ತು.

ಆಗಲೇ ಅವಳ ಹಳೇ ಜೀಪು ಕೆಟ್ಟಿತು. ಬೇಕಾದದ್ದು ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುವ ಪ್ರೊಪೆಲ್ಲರ್ ಶಾಫ್ಟಿನ ಒಂದು ಕ್ರಾಸು, ಅಂಗೈಯಷ್ಟು ಸಾಮಾನು. ಬೆಳಗಿನ ಬಸ್ಸಿಗೆ ಬರುತ್ತದೆ ಎಂದು ಪ್ರದೀಪನಿಗೆ ಮಾತು ಕೊಟ್ಟವನು ನಾನು, ಅದು ಬರಲಿಲ್ಲ. ಹೆಂಗಸರು ಬಸ್ಸು ಹತ್ತಿ ಮೇಗುಂದದ ತೋಟಕ್ಕೆ ಕೆಲಸಕ್ಕೆ ಹೋದರು. ಸಂಜೆ ವಾಪಸ್ ಬರುವ ಬಸ್ಸು ಕೈಕೊಟ್ಟಿತು. ಒಂಬತ್ತೂ ಜನ ಮೇಗುಂದದ ತಿರುವಿನಲ್ಲಿ, ದಿನಾ ಜೀಪಿಗೆ ಕಾಯುವ ಜಾಗದಲ್ಲೇ ನಿಂತಿದ್ದರು. ಸೀರೆಯ ಮೇಲೆ ಗಂಡಂದಿರ ಹಳೇ ಶರ್ಟು, ಕೈಯಲ್ಲಿ ಬುತ್ತಿ ಚೀಲ. ಅವರಲ್ಲಿ ಹಿರಿಯಳಾದ ಕಮಲಕ್ಕ ಮೈಲಿಗಲ್ಲಿನ ಮೇಲೆ ಕೂತು ಮಂಡಿ ಉಜ್ಜಿಕೊಳ್ಳುತ್ತಿದ್ದಳು. ನಲವತ್ತು ವರ್ಷ ತೋಟದಲ್ಲಿ ಕೂತೆದ್ದು ಸವೆದ ಮಂಡಿ.

ಅತ್ತಲಿಂದ ಹಂಡ ಬಂತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಯಾರೂ ಬರೆದಿಟ್ಟದ್ದಲ್ಲ. ನಡೆದು ಹೋಗುವವರ ಪಕ್ಕದಲ್ಲಿ ಗಾಡಿ ಖಾಲಿ ಹೋಗಬಾರದು. ಹಾಗೆ ದಾಟಿಸಿಕೊಂಡು ಹೋದವನನ್ನು ಮಾರನೇ ದಿನ ಯಾರೂ ಮಾತಾಡಿಸುವುದಿಲ್ಲ. ಅದರ ಮೇಲೆ ಹನ್ನೊಂದು ವರ್ಷದ ಅಭ್ಯಾಸ. "ಕಾಲು ಬ್ರೇಕಿನ ಮೇಲೆ ಹೋಗಿದ್ದು ನಂಗೆ ಗೊತ್ತೇ ಆಗ್ಲಿಲ್ಲ ಯಜ್ಞೇಶಣ್ಣ," ಎಂದಳು ಆಮೇಲೆ. ಗಾಡಿ ನಿಂತಿತು. ಹೆಂಗಸರಿಗೂ ಅಷ್ಟೇ ಅಭ್ಯಾಸ. ಭಾಗ್ಯ ನಿಲ್ಲಿಸಿದಳೆಂದರೆ ಹತ್ತುವುದು. ಹಿಂದಿನ ಬಾಗಿಲು ತೆಗೆದವರೇ ಮೂಟೆಗಳನ್ನು ಕಂಡರು.

"ಅಯ್ಯೋ, ಮಣ್ಣಿಗೆ ಬೆಲ್ಟು, ಮನುಷ್ರಿಗೆ ನೆಲ! ಕಾಲ ಬಂತು ನೋಡು," ಎಂದಳು ಕಮಲಕ್ಕ.

ಅಡಿಕೆ ಮೂಟೆ ಹೊತ್ತವರಿಗೆ ಮರಳಿನ ಮೂಟೆ ಯಾವ ಲೆಕ್ಕ? ಇಬ್ಬಿಬ್ಬರು ಹಿಡಿದು ಆರನ್ನೂ ಇಳಿಸಿ ರಸ್ತೆ ಬದಿಯಲ್ಲಿ ಜೋಡಿಸಿಬಿಟ್ಟರು. ಭಾಗ್ಯಳಿಗೆ ಎಚ್ಚರವಾದದ್ದು ಆಗ. ಬೇಡ, ಇಳೀರಿ ಎನ್ನಬಹುದಿತ್ತು. ಮೂಟೆಗಳನ್ನು ಮತ್ತೆ ಏರಿಸಿ ಬೆಲ್ಟು ಕಟ್ಟಿದ್ದರೆ ಬರೀ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಕನ್ನಡಿಯಲ್ಲಿ ನೋಡಿದಳು. ಕಮಲಕ್ಕ ಗಾಡಿಯ ಅಂಚು ಹಿಡಿದು ಕಾಲೆತ್ತಲು ನೋಡುತ್ತಿದ್ದಳು. ಕಾಲು ಅಷ್ಟು ಎತ್ತರಕ್ಕೆ ಬರಲಿಲ್ಲ. ಒಬ್ಬಳು ಒಂದು ಮೂಟೆಯನ್ನು ಎಳೆದು ತಂದು ಮೆಟ್ಟಿಲಿನ ಹಾಗೆ ಇಟ್ಟಳು. ಇಬ್ಬರು ಮೇಲಿನಿಂದ ಎಳೆದರು, ಇಬ್ಬರು ಕೆಳಗಿನಿಂದ ದೂಡಿದರು. ಎಲ್ಲರೂ ಕೂತ ಮೇಲೆ ಭಾಗ್ಯ ಗೇರ್ ಹಾಕಿ, ಗೊತ್ತು ಮಾಡಿದ ರಸ್ತೆ ಬಿಟ್ಟು, ಭಂಡಿಗಡಿಗೆ ಹೋಗಿ ಇಳಿಸಿ ಬಂದಳು. ಏಳು ಸೀಟಿನ ಗಾಡಿಯಲ್ಲಿ ಹತ್ತು ಜನ. ಆರ್‌ಟಿಒದವರು ಯಾರಾದರೂ ಓದುತ್ತಿದ್ದರೆ ದಯವಿಟ್ಟು ಈ ಸಾಲು ಹಾರಿಸಿ.

ಮೂಟೆಗಳಿಗಾಗಿ ತಿರುಗಿ ಬಂದಾಗ ನಾಲ್ಕೇ ಇದ್ದವು. ಉಳಿದೆರಡು ಎಲ್ಲಿ ಹೋದವೆಂದು ಮಾರನೇ ಬೆಳಿಗ್ಗೆ ರಾಜೇಶನೇ ಕಂಡುಹಿಡಿದ. ಮೇಗುಂದದಲ್ಲಿ ಚಹದಂಗಡಿ ಇಟ್ಟಿರುವ ಹೂವಪ್ಪ ಅವನ್ನು ಗಿರಾಕಿಗಳು ಕೂರಲು ಹಾಕಿಕೊಂಡಿದ್ದ. ಕಂಪನಿಯ ಮೊಹರಿನ ಮೇಲೆ ಇಬ್ಬರು ಮುದುಕರು ಕೂತು ಚಹ ಹೀರುತ್ತಿದ್ದರಂತೆ.

ಹಾಳೆ ತುಂಬುವ ಮೊದಲೇ ಭಾಗ್ಯ ಆ ಸಂಜೆ ನನಗೆ ಎಲ್ಲ ಹೇಳಿದ್ದಳು, ಕೇಳಿ ನನ್ನ ನಿದ್ದೆ ಹಾರಿತ್ತು. ಕ್ರಾಸು ಸಮಯಕ್ಕೆ ತರಿಸಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. "ಟಯರ್ ನೋಡಲಿಕ್ಕೆ ಮೂಟೆ ಇಳಿಸಿದ್ದೆ ಅನ್ನು ಮಾರಾಯ್ತಿ, ಮುಗೀತು," ಎಂದು ಭಾಗ್ಯಳಿಗೆ ಹೇಳಿಕೊಟ್ಟೆ.

ಅವಳು ನನ್ನನ್ನೇ ನೋಡಿದಳು. "ಬಾಗ್ಲು ಕಿರ್ ಅಂದಿದ್ದನ್ನೂ ಬಿಡ್ದೆ ಬರ್ದು ಕೊಟ್ಟವ್ಳು ನಾನು. ಈಗ ಸುಳ್ಳು ಬರೆದ್ರೆ, ಹಿಂದೆ ಬರ್ದಿದ್ದೂ ಸುಳ್ಳೇ ಆಗ್ತದಲ್ವಾ?"

ನನಗೆ ನಾಚಿಕೆಯಾಯಿತು. ಅವಳು ಆ ದಿನದ ಹಾಳೆಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಬರೆದುಕೊಟ್ಟಳು, ಒಂಬತ್ತು ಜನರ ಹೆಸರಿನ ಸಮೇತ.

ವಿಚಾರಣೆಗೆ ಫ್ಯಾಕ್ಟರಿಯಿಂದ ಅನನ್ಯ ಎಂಬ ಮೇಡಂ ಬಂದರು. ಹಂಡದ ಹಿಂಭಾಗವನ್ನು ಡಿಸೈನ್ ಮಾಡಿದವರು ಅವರೇ. ಡ್ರೈವರನ್ನು ಕಳಿಸಿಕೊಟ್ಟವನು ಎಂಬ ನೆವದಲ್ಲಿ ನಾನೂ ಶೆಡ್ಡಿನೊಳಗೆ ನುಸುಳಿದ್ದೆ. ಗಾಡಿಯ ಕಂಪ್ಯೂಟರಿನಲ್ಲಿ ಎಲ್ಲ ದಾಖಲಾಗಿತ್ತು. ಎಲ್ಲಿ ನಿಂತಿತು, ಎಷ್ಟು ತೂಕ ಇಳಿಯಿತು, ಎಷ್ಟು ಏರಿತು. ಮೇಡಂ ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು.

"ಮೇಗುಂದದಲ್ಲಿ ಮೂಟೆ ಇಳಿಸಿದ ಮೇಲೂ ಹಿಂದಿನ ಬಾಗಿಲು ನಾಲ್ಕು ನಿಮಿಷ ತೆರೆದೇ ಇತ್ತು. ಯಾಕೆ?"

"ಎಂಟು ಜನ ಒಂದೇ ನಿಮಿಷದಲ್ಲಿ ಹತ್ತಿದ್ರು ಮೇಡಂ. ಉಳಿದ ಮೂರು ನಿಮಿಷ ಕಮಲಕ್ಕಂದು."

"ಮೂರು ನಿಮಿಷವಾ?"

ಅಲ್ಲಿಯವರೆಗೆ ತಗ್ಗಿದ್ದ ಭಾಗ್ಯಳ ದನಿ ಏರಿತು. "ಹೂಂ ಮೇಡಂ. ನೀವು ಇಂಜಿನ್ ಮಾಡಿದ್ದೀರಿ, ನನ್ನ ಜನ್ಮದಲ್ಲಿ ಇಂಥ ಇಂಜಿನ್ ನೋಡಿಲ್ಲ. ಬ್ರೇಕು ದೇವ್ರಂಥದ್ದು. ಆದ್ರೆ ಹಿಂದಿನ ಬಾಗ್ಲು ಯಾರಿಗೆ ಅಂತ ಮಾಡಿದ್ದು? ಘಟ್ಟದ ಗಾಡಿ ಅಂತೀರಿ. ಘಟ್ಟದಲ್ಲಿ ಇಡೀ ದಿನ ದುಡ್ದು ಬರೋರು ಇದನ್ನ ಹತ್ತಾದು ಹ್ಯಾಗೆ? ಮೂಟೆ ಆದ್ರೆ ಯಾರಾದ್ರೂ ಎತ್ತಿ ಇಡ್ತಾರೆ. ಅದಕ್ಕೆ ಮಂಡಿ ಇಲ್ಲ."

ಅನನ್ಯ ಮೇಡಂ ಕಮಲಕ್ಕನನ್ನು ಕರೆಸಿ ಎಂದರು. ಮರುದಿನ ಕಮಲಕ್ಕ ಮದುವೆ ಮನೆಗೆ ಹೊರಟವಳ ಹಾಗೆ ಒಳ್ಳೆಯ ಸೀರೆಯುಟ್ಟು ಬಂದಳು. ಮೇಡಂ ಅವಳನ್ನು ನೋಡಿ, ಇವತ್ತು ಬೇಡ, ಕೆಲಸದಿಂದ ಬರುವಾಗ ನೋಡಬೇಕು ಎಂದರು. ನನಗೆ ಆ ಹೆಂಗಸಿನ ಮೇಲೆ ಗೌರವ ಬಂದದ್ದು ಆ ಕ್ಷಣದಲ್ಲಿ. ಮತ್ತೊಂದು ದಿನ ಸಂಜೆ, ತೋಟದ ಮಣ್ಣು ಮೆತ್ತಿದ ಕಾಲಿನಲ್ಲೇ ಕಮಲಕ್ಕ ಮೂರು ಸಲ ಪ್ರಯತ್ನಿಸಿ, ಮೂರು ಸಲವೂ ಆಗದೆ ನಿಂತಳು. ಮೇಡಂ ನೆಲದ ಮೇಲೆ ಕೂತು ಟೇಪು ಹಿಡಿದು, ಮೊದಲು ಗಾಡಿಯ ಅಂಚಿನ ಎತ್ತರ, ಆಮೇಲೆ ಕಮಲಕ್ಕನ ಮಂಡಿಯ ಎತ್ತರ ಅಳೆದು ಬರೆದುಕೊಂಡರು.

"ನಾವು ಫ್ಯಾಕ್ಟರಿಯಲ್ಲಿ ಆಫೀಸಿನ ಹುಡುಗರನ್ನು ಹತ್ತಿಸಿ ನೋಡಿದ್ದೆವು," ಎಂದರು ಮೆಲ್ಲಗೆ.

ಇಷ್ಟು ಕೇಳಿದ ಮೇಲೆ ಭಾಗ್ಯಳ ಕೆಲಸ ಉಳಿಯಿತು ಎಂದು ನೀವು ಅಂದುಕೊಳ್ಳುತ್ತೀರಿ. ನಾನೂ ಹಾಗೆಯೇ ಅಂದುಕೊಂಡು ಪೇಡಾದವನಿಗೆ ಮತ್ತೆ ಫೋನ್ ಮಾಡಿದ್ದೆ. ಆಗಲಿಲ್ಲ. ಸಹಿ ಹಾಕಿದ ಮಾತು ಮೂರು ಕಡೆ ತಪ್ಪಿತ್ತು, ಕಪ್ಪು ಗುರುತು ಬಿತ್ತು. ರಾಜೇಶ ತಲೆ ತಗ್ಗಿಸಿಕೊಂಡು ಕೀ ಕೇಳಿದ. ಭಾಗ್ಯ ಕೊಟ್ಟಳು. ಸೀಟಿನಲ್ಲಿದ್ದ ತನ್ನ ನೀರಿನ ಬಾಟಲಿ ತೆಗೆದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ನೆಟ್ಟಗೆ ನಡೆದು ಹೋದಳು. ಅಲ್ಲಿ ಕೂತು ಅತ್ತಳೆಂದು ಪ್ರದೀಪ ಹೇಳಿದ. ಇನ್ನೂರ ನಲವತ್ತು ಕಿಲೋಮೀಟರ್, ಶೃಂಗೇರಿಗೆ ನಾಲ್ಕು ಸಲ ಹೋಗಿ ಬಂದರೆ ಮುಗಿಯುವ ದೂರ!

ನನಗೆ ಕೆಂಡದಂಥ ಸಿಟ್ಟು ಬಂತು. ಕಂಪನಿಗೆ ಮೂರು ಪತ್ರ ಬರೆದೆ. ಮೂರಕ್ಕೂ 'ನಿಮ್ಮ ಸಲಹೆಗೆ ಧನ್ಯವಾದಗಳು' ಎಂಬ ಒಂದೇ ಉತ್ತರ ಬಂತು. ಶೆಡ್ಡು ಖಾಲಿಯಾಯಿತು. ಭಾಗ್ಯ ತನ್ನ ಹಳೇ ಜೀಪಿಗೆ ವಾಪಸಾದಳು. ಅಂಗಡಿಗೆ ಬಂದರೆ ಬೇಕಾದ ಸಾಮಾನು ಕೇಳಿ ಹೊರಡುತ್ತಿದ್ದಳು, ಹಂಡದ ಸುದ್ದಿ ಎತ್ತುತ್ತಿರಲಿಲ್ಲ. ಹೆಂಗಸರ ಮುಖ ನೋಡಲಾಗುತ್ತಿರಲಿಲ್ಲ. ನಮ್ಮಿಂದಾಗಿ ಹೀಗಾಯಿತು ಎಂದು ಕಮಲಕ್ಕ ಒಂದು ವಾರ ಜೀಪು ಹತ್ತದೆ ನಡೆದೇ ಹೋದಳು. ಕೊನೆಗೆ ಭಾಗ್ಯ ಗದರಿಸಿ ಹತ್ತಿಸಿಕೊಂಡಳು.

ಏಳು ತಿಂಗಳು ಕಳೆಯಿತು. ಮೊನ್ನೆ ಮಾರ್ಚಿನ ಒಂದು ಬೆಳಿಗ್ಗೆ ಏಳು ಗಂಟೆಗೆ ರಾಜೇಶನ ಫೋನು. "ಯಜ್ಞೇಶ ಅವರೇ, ಈಗಲೇ ಭಂಡಿಗಡಿಗೆ ಬರ್ತೀರಾ?" ಸ್ಕೂಟರಿನಲ್ಲಿ ಹೇಗೆ ಹೋದೆನೋ ಗೊತ್ತಿಲ್ಲ. ಹೋಗಿ ನೋಡಿದರೆ ಕೆಲಸಕ್ಕೆ ಹೊರಟು ನಿಂತ ಹೆಂಗಸರ ನಡುವೆ ಹಂಡ! ಅದೇ ಸುರುಳಿ ಸ್ಟಿಕ್ಕರು, ಆದರೆ ಹಿಂಭಾಗವೇ ಬೇರೆ. ಬಾಗಿಲು ತೆಗೆದರೆ ಎದುರುಬದುರು ಸೀಟು, ಎಲ್ಲ ಸೇರಿ ಹತ್ತು. ಬಾಗಿಲ ಕೆಳಗೆ ಅಗಲವಾದ ಮೆಟ್ಟಿಲು. ಪಕ್ಕದಲ್ಲಿ ಕೈಗೆ ಸಿಗುವಷ್ಟು ಕೆಳಗೆ ಉದ್ದನೆಯ ಹಿಡಿ. ಒಂದೂ ಮೂಟೆಯಿಲ್ಲ.

ರಾಜೇಶ ಒಂದು ಲಕೋಟೆ ಹಿಡಿದು ಭಾಗ್ಯಳ ಮುಂದೆ ನಿಂತಿದ್ದ. "ಭಾಗ್ಯ ಅವರೇ, ಆ ಕಪ್ಪು ಗುರುತು ಹಾಗೇ ಇದೆ, ಅದನ್ನು ಅಳಿಸೋಕ್ಕಾಗಲ್ಲ. ಆದರೆ ಈ ಮಾಡೆಲನ್ನು ಜನ ಕೂರಿಸಿಯೇ ಟೆಸ್ಟ್ ಮಾಡಬೇಕು ಅಂತ ಅನನ್ಯ ಮೇಡಂ ಹಟ ಹಿಡಿದು ಒಪ್ಪಿಸಿದ್ದಾರೆ. ನಮ್ಮ ಟೆಸ್ಟ್ ಡ್ರೈವರ್‌ಗಳು ಮೂಟೆ ಬಿಟ್ಟು ಬೇರೇನೂ ಹೊತ್ತು ಓಡಿಸಿದವರಲ್ಲ. ಇದು ನಿಮ್ಮ ಆರ್ಡರು. ಕಾಯಂ ಕೆಲಸ."

ನಾನು ಕೂಗಿಯೇಬಿಟ್ಟೆ. ಪ್ರದೀಪ ಕುಣಿದ. ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಭಾಗ್ಯಳ ಕಣ್ಣು ತುಂಬಿತ್ತು, ಕೈ ಮಾತ್ರ ಲಕೋಟೆಗೆ ಚಾಚಲಿಲ್ಲ.

"ಮೊದ್ಲು ಕಮಲಕ್ಕ ಹತ್ಲಿ ಸರ್," ಎಂದಳು.

ಕಮಲಕ್ಕ ಸೆರಗು ಸಿಕ್ಕಿಸಿಕೊಂಡಳು. ಹಿಡಿಯನ್ನು ಹಿಡಿದು ಮೆಟ್ಟಿಲ ಮೇಲೆ ಕಾಲಿಟ್ಟಳು. ಯಾರೂ ಎಳೆಯಲಿಲ್ಲ, ಯಾರೂ ದೂಡಲಿಲ್ಲ. ಹತ್ತಿ ಒಳಗೆ ಕೂತೇಬಿಟ್ಟಳು. ಕೂತವಳಿಗೆ ತಾನು ಕೂತದ್ದು ನಂಬಿಕೆಯಾಗದೆ ನಮ್ಮೆಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದಳು.

"ಆರು ಸೆಕೆಂಡ್!" ರಾಜೇಶ ವಾಚು ಎತ್ತಿ ಹಿಡಿದ. "ಮೂರು ನಿಮಿಷದಿಂದ ಆರು ಸೆಕೆಂಡ್!" ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಭಾಗ್ಯ ತಟ್ಟಲಿಲ್ಲ. ಅವಳು ಮೆಟ್ಟಿಲನ್ನೇ ನೋಡುತ್ತಿದ್ದಳು. "ಬಲಗಾಲು ಮುಂದಿಟ್ಟು ಹತ್ತಿದ್ಲು ಸರ್. ಜಾಸ್ತಿ ನೋವಿರಾದು ಎಡಗಾಲಿಗೆ, ಅದನ್ನ ಮುಂದಿಟ್ರೆ ಹತ್ತಾದು ಕಷ್ಟ. ಅಲ್ದೆ ಇದು ಬೆಳಿಗ್ಗೆ. ಸಂಜೆ ಸುಸ್ತಾಗಿ ಬಂದಾಗ ಇಷ್ಟು ಸಲೀಸು ಆಗ್ಲಿಕ್ಕಿಲ್ಲ. ಮೆಟ್ಲು ಇನ್ನೂ ಎರಡು ಬೆರಳು ಕೆಳಗೆ ಬರ್ಬೇಕು."

ಚಪ್ಪಾಳೆ ನಿಂತಿತು. ಕೆಲಸ ಸಿಗುವ ಮೊದಲೇ ತಪ್ಪು ಹೇಳಿದೆಯಲ್ಲೇ ಮಾರಾಯ್ತಿ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ. ರಾಜೇಶ ಅವಳ ಮುಖವನ್ನೂ ಮೆಟ್ಟಿಲನ್ನೂ ನೋಡಿದ. ಜೇಬಿನಿಂದ ಪೆನ್ನು ತೆಗೆದು, 'ಎರಡು ಬೆರಳು ಕೆಳಗೆ' ಎಂದು ಟೆಸ್ಟ್ ಹಾಳೆಯ ಮೊದಲ ಸಾಲಿನಲ್ಲಿ ಬರೆದುಕೊಂಡ. ಆಮೇಲೆ ಅದೇ ಪೆನ್ನನ್ನು, ಆರ್ಡರಿಗೆ ಸಹಿ ಹಾಕಲು, ಅವಳ ಕೈಗೆ ಕೊಟ್ಟ.